ಮೊಣಕಾಲಿನ ಹಗ್ಗ

ಮೂಗಿನ ಮೇಲೆ, ಮೀಸೆಯ ಮೇಲೆ, ಬೋಳುತಲೆಯ ಮೇಲೆ ಪ್ರಬಂಧ ಬರೆದವರು ನಮ್ಮಲ್ಲಿ ಬೇಕಾದಷ್ಟು ಜನ. ಮೊಣಕಾಲಿನ ತಂಟೆಗೆ ಯಾರೂ ಹೋದಂತಿಲ್ಲ. ಅದೇನು ಚೆಂದದ ಅಂಗವಲ್ಲ, ನಿಜ. ಮಡಿಸಿದರೆ ಸುಲಿದ ತೆಂಗಿನಕಾಯಿ, ಚಾಚಿದರೆ ಸುಕ್ಕುಬಿದ್ದ ಮುದುಕನ ಮುಖ. ಆದರೂ ಕಳೆದ ಹತ್ತು ತಿಂಗಳಿಂದ ನನಗೆ ಮೈಯಲ್ಲಿ ಬೇರೆ ಅಂಗಗಳಿವೆ ಎಂಬುದೇ ಮರೆತುಹೋಗಿದೆ.

ಆದದ್ದಿಷ್ಟು. ಆರ್.ಕೆ. ಪುರದ ನಮ್ಮ ಕ್ವಾರ್ಟರ್ಸ್‌ಗೆ ಸಮೀಪದ ಮೈದಾನ. ಹುಲ್ಲು ಅಂಚಿನಲ್ಲಿ ಮಾತ್ರ, ನಡುವೆ ಬರೀ ದೆಹಲಿಯ ಧೂಳು. ಕಾಲೇಜು ತಂಡದಲ್ಲಿ ನಾನು ಲೆಫ್ಟ್ ಬ್ಯಾಕ್. ಚೆಂಡು ಬಂತು, ಎಡಗಾಲೂರಿ ಬಲಕ್ಕೆ ತಿರುಗಿದೆ. ಮೈ ತಿರುಗಿತು, ಪಾದ ನಿಂತಲ್ಲೇ ನಿಂತಿತು. ಒಳಗೆಲ್ಲೋ 'ಟಕ್' ಎಂದಿತು, ಹಸಿ ಬೆಂಡೆಕಾಯಿಯ ತುದಿ ಮುರಿದ ಹಾಗೆ. ಯಾರೂ ನನ್ನನ್ನು ಮುಟ್ಟಿರಲಿಲ್ಲ. ರೆಫರಿಯೂ ಸೀಟಿ ಊದಲಿಲ್ಲ, ಊದುವುದಕ್ಕೆ ಕಾರಣವೇ ಇರಲಿಲ್ಲವಲ್ಲ!

ಮನೆಗೆ ಹೊತ್ತು ತಂದರು. "ಉಳುಕಿದೆ ಅಷ್ಟೆ ಕಣೋ, ಹುಣಸೇಹಣ್ಣು ಉಪ್ಪು ಕಾಯಿಸಿ ಪಟ್ಟು ಹಾಕ್ತೀನಿ, ನಾಳೆ ಬೆಳಿಗ್ಗೆ ಎದ್ದು ಓಡಾಡ್ತೀಯ" ಎಂದರು ಅಮ್ಮ. ಅಪ್ಪ ಏನೂ ಹೇಳದೆ ಬೀರು ತೆಗೆದು ಸಿ.ಜಿ.ಎಚ್.ಎಸ್. ಕಾರ್ಡು ಹುಡುಕಲು ಕುಳಿತರು. ಕೇಂದ್ರ ಸರ್ಕಾರದ ಗುಮಾಸ್ತರ ಮನೆಯಲ್ಲಿ ದುಃಖವೂ ಕಾರ್ಡಿನ ಮೂಲಕವೇ ಹಾದುಬರಬೇಕು.

ಹರಿದದ್ದು ಮೊಣಕಾಲೊಳಗಿನ ಒಂದು ಅಸ್ಥಿರಜ್ಜು. ಇಂಗ್ಲಿಷಿನಲ್ಲಿ ಎ.ಸಿ.ಎಲ್. ಎನ್ನುತ್ತಾರೆ. ಕಿರುಬೆರಳಿನಷ್ಟೂ ಉದ್ದವಿಲ್ಲ. ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಓರೆಯಾಗಿ ಬಿಗಿದ ಮಿಣಿ ಅದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಮಿತಿಮೀರಿ ತಿರುಚದಂತೆ ಹಿಡಿದಿಡುತ್ತದೆ. ನೆಟ್ಟಗೆ ನಡೆಯುವವನಿಗೆ ಅದರ ಸುದ್ದಿಯೇ ಬೇಡ. ಅದು ಬೇಕಾಗುವುದು ಓಡುತ್ತಾ ಓಡುತ್ತಾ ತಟ್ಟನೆ ದಿಕ್ಕು ಬದಲಿಸುವವನಿಗೆ, ಅಂದರೆ ಫುಟ್‌ಬಾಲ್ ಆಡುವವನಿಗೆ. ಇನ್ನೊಂದು ಪೇಚು: ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೂ ಕೂಡಿಕೊಳ್ಳುತ್ತದೆ, ಈ ಮಿಣಿ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. ಕೀಲಿನೊಳಗಿನ ದ್ರವದಲ್ಲಿ ಸದಾ ಮುಳುಗಿರುವುದರಿಂದ ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲಲು ಎಡೆಯಿಲ್ಲ. ಹಾಗಾಗಿ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಸ್ನಾಯುರಜ್ಜು ಕಿತ್ತು, ಎರಡೂ ಮೂಳೆಗಳಲ್ಲಿ ಬೈರಿಗೆಯಿಂದ ತೂತು ಕೊರೆದು, ಅದನ್ನು ಎಳೆದು ಬಿಗಿಯುತ್ತಾರೆ. ನಮ್ಮ ಬಡಗಿಯ ಕೆಲಸವೇ ಅನ್ನಿ, ಮತ್ತು ಬರುವ ಮುದ್ದು ಬೇರೆ ಅಷ್ಟೆ.

ಹೊಸ ಮಿಣಿ ಕಟ್ಟಿದ ಮರುದಿನವೇ ಗಟ್ಟಿ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಕಸಿಯಾದ ರಜ್ಜು ಮೊದಲು ಬಡವಾಗುತ್ತದೆ, ಆಮೇಲೆ ರಕ್ತನಾಳಗಳು ಒಳಹೊಕ್ಕು ಜೀವ ಹಿಡಿಯುತ್ತದೆ. ನೋವು ಹೋಗಿ, ಊತ ಇಳಿದು, ಮನುಷ್ಯ "ನಾನು ಸರಿಹೋದೆ" ಎಂದು ಬೀಗುವ ಎರಡು ಮೂರನೆಯ ತಿಂಗಳಿನಲ್ಲೇ ಅದು ತೀರ ನಿಶ್ಶಕ್ತ. ಈ ಚೋದ್ಯವನ್ನು ನಮಗೆಲ್ಲ ತಿಳಿಹೇಳಿದವರು ಫಿಸಿಯೋ ಮೇಡಂ. ಮಲಯಾಳಿ. ಹಿಂದಿಯಲ್ಲಿ ಬೈಯುತ್ತಾರೆ, ಸಿಟ್ಟು ಜಾಸ್ತಿಯಾದರೆ ಮಲಯಾಳಕ್ಕೆ ಇಳಿಯುತ್ತಾರೆ.

ಅವರ ಆ ಉದ್ದನೆಯ ಕೋಣೆಯಲ್ಲಿ ನನಗೆ ಅವನ ಪರಿಚಯವಾಯಿತು. ಗಢವಾಲದ ಕಡೆಯ ಹುಡುಗ, ಸಂಗಮ್ ವಿಹಾರದಲ್ಲಿ ಬಾಡಿಗೆ ಕೋಣೆ. ದೆಹಲಿ ಲೀಗಿನಲ್ಲಿ ಒಂದು ಕ್ಲಬ್ಬಿಗೆ ಸೆಂಟರ್ ಬ್ಯಾಕ್. ಡೆಲ್ಲಿ ಗೇಟ್ ಬಳಿಯ ಅಂಬೇಡ್ಕರ್ ಸ್ಟೇಡಿಯಮ್ಮಿನಲ್ಲಿ ಆಡಿದವನು. ನಾನು ಆಡಿದ್ದು ಹುಮ್ಮಸ್ಸಿಗೆ, ಅವನು ಆಡಿದ್ದು ಸಂಬಳಕ್ಕೆ. ಮೊದಲ ದಿನ "ಮದ್ರಾಸೀ ಹೋ?" ಎಂದ. ಅಲ್ಲಪ್ಪ, ಕನ್ನಡದವನು, ಕರ್ನಾಟಕ ಎಂದೆ. "ಓಹೋ, ಛೇತ್ರಿ ಭಾಯಿಯ ಬೆಂಗಳೂರು!" ಅಂದ. ದೆಹಲಿಯ ಧೌಲಾ ಕುವಾಂನಲ್ಲಿ ಶಾಲೆ ಕಲಿತು, ಇಲ್ಲಿನ ಸಿಟಿ ಕ್ಲಬ್ಬಿಗೆ ಆಡಿ, 2002ರಲ್ಲಿ ಮೋಹನ್ ಬಾಗಾನ್ ಸೇರಿ, 2013ರಲ್ಲಿ ನಮ್ಮೂರ ತಂಡಕ್ಕೆ ಬಂದ ಸುನಿಲ್ ಛೇತ್ರಿಯಿಂದಾಗಿ ನನ್ನ ಬೆಲೆ ಆ ಕೋಣೆಯಲ್ಲಿ ಒಂದು ಗೇಣು ಏರಿತು.

ಪಕ್ಕದ ಸೈಕಲ್ಲುಗಳ ಮೇಲೆ ಕೂತು ಕಾಲು ತುಳಿಯುತ್ತಾ ನಾವು ಮಾತಾಡುತ್ತಿದ್ದುದೆಲ್ಲ ಮಂಡಿ ಪುರಾಣವೇ. ಸಂದೇಶ್ ಝಿಂಗನ್ ಅವನ ದೇವರು. 2019ರ ಅಕ್ಟೋಬರಿನಲ್ಲಿ ಗುವಾಹಾಟಿಯಲ್ಲಿ, ಅದೂ ಒಂದು ಅಭ್ಯಾಸ ಪಂದ್ಯದಲ್ಲಿ, ಝಿಂಗನ್‌ಗೆ ಹರಿದದ್ದು ಇದೇ ಮಿಣಿ. ಇಡೀ ಸೀಸನ್ ಹೋಯಿತು. ಮರಳಿ ಬಂದವನು 2020-21ರಲ್ಲಿ ದೇಶದ ಶ್ರೇಷ್ಠ ಆಟಗಾರ ಎನ್ನಿಸಿಕೊಂಡ, 2022ರಲ್ಲಿ ಬೆಂಗಳೂರು ತಂಡದೊಂದಿಗೆ ಡ್ಯುರಾಂಡ್ ಕಪ್ ಎತ್ತಿದ. ಹಿಂದೆ ಬೆಂಗಳೂರಿಗೆ ಆಡಿದ್ದ ಆಶಿಕ್ ಕುರುಣಿಯನ್ ಇದೇ ಗಾಯದಿಂದ 2023ರಿಂದ ಒಂದು ಸೀಸನ್ ಕಳೆದುಕೊಂಡ. ಅದೇ ವರ್ಷದ ಅಕ್ಟೋಬರ್ 17ರಂದು ಮಾಂಟೆವಿಡಿಯೋದಲ್ಲಿ ನೇಯ್ಮಾರನ ಮಂಡಿ ಹೋಯಿತು. ನವೆಂಬರಿನಲ್ಲಿ ಅಲ್ ಹಿಲಾಲ್ ತಂಡದ ಜತೆ ಅವನು ನವಿ ಮುಂಬಯಿಗೆ ಬರುತ್ತಾನೆಂದು ಕಾದಿದ್ದವರು ಎಷ್ಟು ಸಾವಿರ ಮಂದಿಯೋ! ಪಂದ್ಯ ಬಂತು, ನೇಯ್ಮಾರ್ ಬರಲಿಲ್ಲ.

ಕೋಣೆಯ ಇನ್ನೊಂದು ಮೂಲೆಯಲ್ಲಿ ಭಿವಾನಿ ಕಡೆಯ ಹುಡುಗಿಯೊಬ್ಬಳಿರುತ್ತಿದ್ದಳು. ಆ ಜಿಲ್ಲೆಯ ಅಲಖ್‌ಪುರ ಎಂಬ ಹಳ್ಳಿಯಲ್ಲಿ ಹುಡುಗಿಯರದೇ ಫುಟ್‌ಬಾಲು. ದೆಹಲಿಗೆ ಬಂದು ಸುಬ್ರತೋ ಕಪ್ ಗೆದ್ದುಕೊಂಡು ಹೋದವರು. ಈ ಗಾಯ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಸ್ಪೇನಿನ ಅಲೆಕ್ಸಿಯಾ ಪುತೆಯಾಸ್‌ಗೆ 2022ರ ಯೂರೋ ಕಪ್ ಶುರುವಾಗುವ ಹಿಂದಿನ ದಿನ ಹರಿಯಿತು. ಆ ಹುಡುಗಿ ಮಾತ್ರ ಯಾರ ಕಥೆಯನ್ನೂ ಕೇಳುತ್ತಿರಲಿಲ್ಲ. ಎಣಿಸಿಕೊಂಡು ಕಾಲೆತ್ತುತ್ತಿದ್ದಳು.

ಬಾಜ್ಜೋನ ಕಥೆ ಹೇಳಿದ್ದು ನಾನು. ಅದನ್ನು ಹೇಳಬಾರದಿತ್ತೋ ಏನೋ ಎಂದು ಈಗ ಅನ್ನಿಸುವುದಿಲ್ಲ, ಅವನೇ ಮತ್ತೆ ಮತ್ತೆ ಹೇಳಿಸಿಕೊಂಡ. 1985ರ ಮೇ ತಿಂಗಳು, ರೊಬೆರ್ತೋ ಬಾಜ್ಜೋಗೆ ಹದಿನೆಂಟು ವರ್ಷ. ವಿಚೆಂಜಾ ಎಂಬ ಸಣ್ಣ ತಂಡದಿಂದ ಫಿಯೊರೆಂತಿನಾ ಅವನನ್ನು ಕೊಂಡಾಗಿತ್ತು. ಹೋಗುವ ಮೊದಲೇ ಬಲ ಮಂಡಿ ಹರಿಯಿತು. ಹೊಲಿಗೆಗಳೇ 220. ಫಿಯೊರೆಂತಿನಾ ಅವನನ್ನು ಬಿಡಲಿಲ್ಲ. ಇಟ್ಟುಕೊಂಡಿತು, ಕಾಯಿತು. 1993ರಲ್ಲಿ ಅವನು ಯುರೋಪಿನ ಶ್ರೇಷ್ಠ ಆಟಗಾರ.

"ಸಂಬಳ ಕೊಟ್ಟರಾ? ಆಡದೇ ಇದ್ದಾಗಲೂ?" ಎಂದು ಕೇಳಿದ ಅವನು. ಇಟ್ಟುಕೊಂಡರು ಎಂದಮೇಲೆ ಕೊಟ್ಟೇ ಇರಬೇಕು ಎಂದೆ. ಸುಮ್ಮನಾದ. ಅವನ ಕ್ಲಬ್ಬು ಗಾಯವಾದ ತಿಂಗಳಿಂದಲೇ ಅವನಿಗೆ ದುಡ್ಡು ನಿಲ್ಲಿಸಿತ್ತು. ಕಾಗದ ಪತ್ರ ಏನೂ ಇರಲಿಲ್ಲ, ಕೇಳುವುದಾದರೂ ಏನನ್ನು? ಈಗ ಸಂಜೆ ಹೊತ್ತು ಔಷಧಿ ಅಂಗಡಿಯೊಂದರಲ್ಲಿ ಕೂರುತ್ತಾನೆ. ನಿಂತು ಮಾಡುವ ಕೆಲಸ ಆಗುವುದಿಲ್ಲ.

ಅವನ ಆಸೆಯೆಲ್ಲ ರೈಲ್ವೆಯ ಕ್ರೀಡಾ ಕೋಟಾದ ಮೇಲೆ. ಟ್ರಯಲ್ಲಿಗೆ ಕರೆ ಬಂದಾಗ ಆಪರೇಷನ್ ಆಗಿ ಐದೂವರೆ ತಿಂಗಳು. ಮೇಡಂ ಕಡ್ಡಿ ಮುರಿದಂತೆ "ಇಲ್ಲ" ಎಂದರು. ಒಂಬತ್ತು ತಿಂಗಳು ಆಗಲೇಬೇಕು. ತೊಡೆಯ ಬಲದಲ್ಲೂ ಒಂಟಿಕಾಲಿನ ಕುಪ್ಪಳಿಕೆಯಲ್ಲೂ ಹರಿದ ಕಾಲು ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ಮುಟ್ಟಬೇಕು. ನಾರ್ವೆ ಅಮೆರಿಕಗಳ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕ ತೋರಿಸಿದರು: ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮರುಗಾಯದ ಪ್ರಮಾಣ ಶೇ. 51ರಷ್ಟು ಇಳಿಯುತ್ತದೆ. ಅದೇ ವರ್ಷದ ಯುರೋಪಿನ ವೃತ್ತಿಪರ ತಂಡಗಳ ಅಧ್ಯಯನವನ್ನೂ ಹೇಳಿದರು: ಬಹುಪಾಲು ಎಲ್ಲರೂ ಆಟಕ್ಕೆ ಮರಳುತ್ತಾರೆ, ಆದರೆ ಮೂರು ವರ್ಷಗಳ ನಂತರ ಅತ್ಯುನ್ನತ ಮಟ್ಟದಲ್ಲಿ ಉಳಿದವರು ಶೇ. 65 ಮಾತ್ರ. ಅದೂ ವೈದ್ಯ, ಅಡಿಗೆಯವ, ಮಾಲೀಸಿನವ ಎಲ್ಲರೂ ಬೆನ್ನಿಗಿರುವ ತಂಡಗಳಲ್ಲಿ.

ಅವನು ಎಲ್ಲ ಕೇಳಿಸಿಕೊಂಡ. "ಮೇಡಂ, ಒಂಬತ್ತು ತಿಂಗಳು ಕೋಣೆ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಆ ಪುಸ್ತಕದಲ್ಲಿ ಬರೆದಿದೆಯಾ?" ಎಂದ. ವ್ಯಂಗ್ಯವಲ್ಲ. ಗೊತ್ತಿದ್ದರೆ ಹೇಳಲಿ ಎಂಬ ಹಾಗೆಯೇ ಕೇಳಿದ. ಮೇಡಂ ಮಲಯಾಳದಲ್ಲಿ ಏನೋ ಅಂದರು.

ನನಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಲೆಕ್ಕ ಮೇಡಂದೇ ಸರಿ. ಆದರೆ ಅಪ್ಪನ ಕಾರ್ಡು, ಅಮ್ಮನ ರಾಗಿಗಂಜಿ, ಸಂಜೆಗೆ ಆಟೋ ದುಡ್ಡು ಇವೆಲ್ಲ ಇಟ್ಟುಕೊಂಡು ಒಂಬತ್ತು ತಿಂಗಳು ಎಣಿಸುವುದು ಬೇರೆ. ನನ್ನ ಎಂಟನೇ ತಿಂಗಳ ಕುಪ್ಪಳಿಕೆಯಲ್ಲಿ 84 ಬಂದಿದೆ. ಇನ್ನಾರು ಬೇಕು. ಬಾರದಿದ್ದರೆ ಬಿ.ಎ. ಪರೀಕ್ಷೆಗೇನೂ ತೊಂದರೆಯಿಲ್ಲ.

ಎರಡು ವಾರ ಅವನು ಬರಲಿಲ್ಲ. ಎಲ್ಲಿಗೆ ಹೋಗಿದ್ದಾನೆಂದು ಕೋಣೆಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಮೊನ್ನೆ ಸೋಮವಾರ ಬಂದ. ಎರಡು ದಿನ ಓಡಿಸಿದರಂತೆ, ಒಂದು ಪಂದ್ಯ ಆಡಿಸಿದರಂತೆ, ಎರಡು ಹೆಡರ್ ಗೆದ್ದನಂತೆ. ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಎಂದಿನಂತೆ ಪ್ಯಾಂಟು ಮಂಡಿಯ ಮೇಲಕ್ಕೆ ಮಡಿಸದೆ ಸೈಕಲ್ ಹತ್ತಿ ಕೂತ. ಮೇಡಂ ಒಮ್ಮೆ ನೋಡಿದರು, ಏನೂ ಕೇಳದೆ ಒಳಗೆ ಹೋಗಿ ಐಸಿನ ಚೀಲ ತಂದು ಅವನ ಪಕ್ಕ ಇಟ್ಟರು.