ಸಾವಿರ ಮೆಟ್ಟಿಲಿಗೆ ಒಬ್ಬರು ಜೊತೆಗಿರಲಿ

ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟವನ್ನು ಒಮ್ಮೆ ಮೆಟ್ಟಿಲು ಹತ್ತಿಯೇ ನೋಡಿ. ಒಟ್ಟು 1,000ಕ್ಕೂ ಹೆಚ್ಚು ಮೆಟ್ಟಿಲು. ಬೆಳಗ್ಗೆ ಅಲ್ಲಿ ಎರಡು ಥರದ ಜನ ಸಿಗ್ತಾರೆ: ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹರಕೆ ತೀರಿಸುವವರು, ತೂಕ ಇಳಿಸೋಕೆ ಬಂದವರು.

ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಹತ್ತುವಾಗ 300ನೇ ಮೆಟ್ಟಿಲಲ್ಲೇ 'ಇವತ್ತಿಗೆ ಸಾಕು' ಅನ್ಸುತ್ತೆ. ಗುಂಪಲ್ಲಿ ಬಂದವರಿಗೆ ಆ ಸ್ವಾತಂತ್ರ್ಯ ಇಲ್ಲ! "ಬನ್ನಿ ಸಾರ್, ನಂದಿವರೆಗೆ ಅಷ್ಟೇ" ಅಂತ ಯಾರಾದ್ರೂ ಹುರಿದುಂಬಿಸ್ತಾರೆ. ಆ ನಂದಿ ಇರೋದು ಸುಮಾರು 700ನೇ ಮೆಟ್ಟಿಲ ಹತ್ತಿರ. 17ನೇ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಮುಂದೆ ಹೋದವರು ಅಲ್ಲೇ ಕೂತು ಹಿಂದಿನವರಿಗೆ ಕಾಯ್ತಾರೆ. ತಪ್ಪಿಸಿಕೊಂಡವರಿಗೆ ಮರುದಿನ ಒಂದೇ ಪ್ರಶ್ನೆ: "ನಿನ್ನೆ ಯಾಕೆ ಬರ್ಲಿಲ್ಲ?" ಆ್ಯಪಿನ ನೋಟಿಫಿಕೇಶನ್ ಒರೆಸಿ ಹಾಕಬಹುದು, ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಆದರೆ ಕೆಳಗಿಳಿದ ಮೇಲೆ ಅದೇ ಗುಂಪು ಬೆಣ್ಣೆ ದೋಸೆಗೂ ಕರೆಯುತ್ತೆ. ಅಲ್ಲಿ "ಒಂದೇ ತಗೊಳ್ಳೋಣ, ಅರ್ಧ ಅರ್ಧ" ಅನ್ನೋರು ಸಿಕ್ಕರೆ ಬಿಡಬೇಡಿ. ತೂಕ ಇಳಿಸುವ ದಾರಿಯಲ್ಲಿ ಮೆಟ್ಟಿಲಿಗಿಂತ ಕಷ್ಟದ ಜಾಗ ಅದೇ.

ನೀರು ತಗೊಂಡು ಹೋಗಿ. ಇಳಿಯುವಾಗ ಮಂಡಿ ಜೋಪಾನ.