ಕಣದ ಬಿಸಿಲು ಯಾವ ವರ್ಷದ್ದು?

ಆಷಾಢದ ಮಳೆ ಹಿಡಿದು ಕೂತಿತೆಂದರೆ ಮೂಡಿಗೆರೆ, ಕಳಸದ ತೋಟದ ಮನೆಗಳಲ್ಲಿ ಹೊತ್ತು ಕಳೆಯುವುದೇ ಕಷ್ಟ ಎನ್ನುವವರಿದ್ದಾರೆ. ಫೋಟೋ ಹುಚ್ಚಿನವರಿಗೆ ಮಾತ್ರ ಅದೇ ಸುಗ್ಗಿ. ಕರೆಂಟು ಇದ್ದಷ್ಟು ಹೊತ್ತು ಲ್ಯಾಪ್‌ಟಾಪು, ಪಕ್ಕದಲ್ಲಿ ಒಂದು ಲೋಟ ಕಾಫಿ, ಎದುರಿಗೆ ಮೂರು ತಲೆಮಾರಿನ ಚಿತ್ರಗಳು ಒಂದರ ಮೇಲೊಂದು ಬಿದ್ದಿರುವ ಹಾರ್ಡ್ ಡಿಸ್ಕು. ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ್ದು, ಮದುವೆಯ ಸಿಡಿ, ಹಳೆ ಕ್ಯಾಮೆರಾದ ಕಾರ್ಡು, ಕೆಟ್ಟುಹೋದ ಫೋನಿನದು, ವಾಟ್ಸ್‌ಆ್ಯಪಿನಲ್ಲಿ ಬಂದದ್ದು. ಇದನ್ನೆಲ್ಲ ಓರಣ ಮಾಡಲು ಕೂತವರು ಊಟಕ್ಕೆ ಕರೆದರೂ ಬೇಗ ಏಳುವುದಿಲ್ಲ.

ಇಷ್ಟು ಗೊಂದಲವಾಗಲು ಕಾರಣವಿದೆ. ಕ್ಯಾಮೆರಾಗಳು ‘ಡಿಎಸ್‌ಸಿ’, ‘ಐಎಂಜಿ’ ಎಂದು ಹೆಸರಿಟ್ಟು ಮುಂದೆ ನಾಲ್ಕಂಕಿ ಹಚ್ಚುತ್ತವೆ. 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ರಿಂದ. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಿದ ಚಿತ್ರವೂ ಎಷ್ಟೋ ವರ್ಷ ಕಳೆದು ನಡೆದ ನಾಮಕರಣದ ಚಿತ್ರವೂ ಒಂದೇ ಹೆಸರು ಹೊತ್ತು ನಿಲ್ಲುವುದು ಹೀಗೆ.

ಕೆಲಸದ ಮೊದಲರ್ಧ ಸಲೀಸು. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಪದ್ಧತಿಯಿಂದಾಗಿ ಡಿಜಿಟಲ್ ಚಿತ್ರದ ಹೊಟ್ಟೆಯೊಳಗೇ ತೆಗೆದ ದಿನ, ಗಂಟೆ, ಕ್ಯಾಮೆರಾದ ಮಾದರಿ ಅಡಗಿರುತ್ತವೆ. ಫಿಲ್ ಹಾರ್ವಿ ಬರೆದ ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಮುಂತಾದ ಉಚಿತ ತಂತ್ರಾಂಶಗಳು ಅದನ್ನು ಓದಿ ಸಾವಿರಾರು ಚಿತ್ರಗಳನ್ನು ಸಾಲಿಗೆ ನಿಲ್ಲಿಸುತ್ತವೆ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಇಟ್ಟರೆ ಫೋಲ್ಡರುಗಳು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೂ ಚಿಂತೆಯಿಲ್ಲ. ಯಾವುದಾದರೂ ಒಂದು ಚಿತ್ರದ ಸರಿಯಾದ ದಿನ ಮತ್ತು ಹೊತ್ತು ಗೊತ್ತಾದರೆ ಸಾಕು, ಉಳಿದವನ್ನೆಲ್ಲ ಅಷ್ಟೇ ವ್ಯತ್ಯಾಸಕ್ಕೆ ಒಟ್ಟಿಗೆ ಸರಿಸಬಹುದು.

ವಾಟ್ಸ್‌ಆ್ಯಪ್ ಚಿತ್ರಗಳ ಜೊತೆ ಹುಷಾರಾಗಿರಬೇಕು. ಅಲ್ಲಿ ಕುಗ್ಗಿಸಿ ಕಳಿಸಿದ ಚಿತ್ರದಲ್ಲಿ ಈ ವಿವರಗಳು ಉಳಿಯುವುದಿಲ್ಲ, ಹೆಸರಿನಲ್ಲಿರುವ ತಾರೀಕು ತೆಗೆದ ದಿನದ್ದೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಒಂದೇ ಚಿತ್ರ ಹತ್ತಾರು ಗುಂಪುಗಳಲ್ಲಿ ಓಡಾಡಿತು. ಅವುಗಳಲ್ಲಿ ದೊಡ್ಡ ಗಾತ್ರದ್ದನ್ನು ಉಳಿಸಿಕೊಂಡು, ಊರಿನ ಹೆಸರು ಬರೆದಿಡುವವರು ಮುಂದಿನವರಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ನಿಜವಾದ ರುಚಿ ಇರುವುದು ತಾರೀಕೇ ಇಲ್ಲದ ಹಳೆ ಚಿತ್ರಗಳಲ್ಲಿ. ಸ್ಕ್ಯಾನರಿಗೆ ಗೊತ್ತಿರುವುದು ಸ್ಕ್ಯಾನ್ ಮಾಡಿದ ದಿನ ಮಾತ್ರ. ಹಾಗಾಗಿ ಜುಬ್ಬ ತೊಟ್ಟ ಅಜ್ಜ 2014ರ ಫೋಲ್ಡರಿನಲ್ಲಿ ಕೂತಿರುತ್ತಾರೆ. ಅವರನ್ನು ಅವರ ಕಾಲಕ್ಕೆ ಕಳಿಸಬೇಕಾದರೆ ಚಿತ್ರದ ಮೂಲೆಮೂಲೆ ನೋಡಬೇಕು, ಊರು ಗೊತ್ತಿರಬೇಕು. ಗಿಡದಲ್ಲಿ ಅರೇಬಿಕಾ ಹಣ್ಣು ಕೆಂಪಗಿದ್ದರೆ ನವೆಂಬರಿನಿಂದ ಜನವರಿಯ ಒಳಗೆ. ಕಣದ ತುಂಬ ರೋಬಸ್ಟಾ ಹರಡಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೆ. ಬೇಲಿಯ ಸಿಲ್ವರ್ ಓಕ್ ಒಂದು ಚಿತ್ರದಲ್ಲಿ ಆಳೆತ್ತರ, ಇನ್ನೊಂದರಲ್ಲಿ ಮೆಣಸಿನ ಬಳ್ಳಿ ಹೊತ್ತು ಮುಗಿಲು ನೋಡುತ್ತಿದ್ದರೆ ಯಾವುದು ಮೊದಲಿನದೆಂದು ಕೇಳಬೇಕಾಗಿಲ್ಲ.

ವರ್ಷ ಹಿಡಿಯಲು ಬೇರೆ ಗುರುತುಗಳಿವೆ. ಜೀಪಿನ ಮೇಲೆ ‘ಕೆಎ 18’ ಕಂಡರೆ ಚಿತ್ರ 1988ರ ಮೋಟಾರು ವಾಹನ ಕಾಯ್ದೆಗಿಂತ ಹಿಂದಿನದಲ್ಲ. ಕುದುರೆಮುಖದಲ್ಲಿ ಗಣಿ ಕೆಲಸ ನಡೆಯುತ್ತಿದ್ದರೆ 2005ರ ಡಿಸೆಂಬರ್ ದಾಟಿಲ್ಲ. ಆ ತಿಂಗಳ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಚಿಕ್ಕಮಗಳೂರು ನಿಲ್ದಾಣದಲ್ಲಿ ರೈಲಿನ ಮುಂದೆ ಮಕ್ಕಳು ನಿಂತಿದ್ದರೆ 2013ರ ನಂತರದ್ದು, ಕಡೂರಿನಿಂದ ರೈಲು ಬಂದದ್ದೇ ಆಗ. ಹಳೆ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುವ ಚಿತ್ರ ಮಾತ್ರ ಕಾಡಿಸುತ್ತದೆ: ಮಳೆಗಾಲವೆಂಬುದು ಖಂಡಿತ, ವರ್ಷ ಯಾವುದೂ ಇರಬಹುದು. ಆಗ ನೆಗೆಟಿವ್ ಹುಡುಕಬೇಕು. ಅದರ ಅಂಚಿನಲ್ಲಿ ಅಚ್ಚಾಗಿರುವ ಕ್ರಮಸಂಖ್ಯೆ ಹಿಂದೆ ಮುಂದೆ ಏನಿತ್ತೆಂದು ಹೇಳುತ್ತದೆ. ಅದೇ ರೋಲಿನಲ್ಲಿ ಒಂದು ಮದುವೆ ಸಿಕ್ಕರೆ ಇಡೀ ರೋಲಿಗೆ ತಾರೀಕು ಸಿಕ್ಕಂತೆ.

ಫಿಲ್ಮ್ ರೋಲಿಗೆ 36 ಚಿತ್ರಗಳ ಮಿತಿಯಿದ್ದ ಕಾಲದಲ್ಲಿ ಆಯ್ಕೆ ನಡೆಯುತ್ತಿದ್ದದ್ದು ಗುಂಡಿ ಒತ್ತುವ ಮೊದಲು. ಮೂಡಿಗೆರೆಯ ‘ನಿರುತ್ತರ’ದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಹಾಗೆ ಕಾದು ಕೂತು ಹಕ್ಕಿಗಳನ್ನು ಹಿಡಿದವರು, ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ಯಂಥ ಪುಸ್ತಕಗಳ ಹಿಂದೆ ಆ ಕಾಯುವಿಕೆ ಇದೆ. ಈಗಿನ ಕ್ಯಾಮೆರಾ ಒಂದು ಮಂಗಟ್ಟೆ ಹಾರಿಹೋಗುವಷ್ಟರಲ್ಲಿ ಇಪ್ಪತ್ತು ಚಿತ್ರ ತೆಗೆದಿರುತ್ತದೆ, ಕಾಯುವ ಕೆಲಸ ಪರದೆಯ ಮುಂದೆ ಬಂದು ನಿಂತಿದೆ. ಇಪ್ಪತ್ತನ್ನೂ ಹಿಗ್ಗಿಸಿ ನೋಡಿ, ಹಕ್ಕಿಯ ಕಣ್ಣು ಎಲ್ಲಿ ಸ್ಪಷ್ಟವಾಗಿದೆಯೋ ಅದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುವುದಕ್ಕೆ ಗಟ್ಟಿ ಮನಸ್ಸು ಬೇಕು. ಉಳಿದ ಆ ಒಂದಕ್ಕೆ ದಿನ, ಜಾಗ ಸೇರಿದರೆ ಇ-ಬರ್ಡ್‌ನಂಥ ಭಂಡಾರದಲ್ಲಿ ಅದು ಹಕ್ಕಿ ಅಲ್ಲಿತ್ತೆಂಬುದಕ್ಕೆ ಪುರಾವೆಯಾಗುತ್ತದೆ.

ಚಿತ್ರಗಳಿಗೆ ಗುರುತಿನ ಪದಗಳನ್ನು ಕನ್ನಡದಲ್ಲೇ ಹಚ್ಚಬಹುದು. ಹಳೆ ಫಾಂಟುಗಳಲ್ಲಿ ಬರೆದ ಟಿಪ್ಪಣಿಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತಿದ್ದವು. ಯೂನಿಕೋಡಿನಲ್ಲಿ ಬರೆದದ್ದು ಎಲ್ಲ ಕಡೆಯೂ ಕನ್ನಡವಾಗಿಯೇ ಉಳಿಯುತ್ತದೆ. ‘ಹೂವು’ ಎಂದು ಹುಡುಕಿದರೆ ವರ್ಷವರ್ಷದ ಕಾಫಿ ಹೂವು ಸಾಲಾಗಿ ಎದ್ದು ಬರುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ ಎರಡು ಮೂರು ದಿನದಲ್ಲಿ ಬಾಡುವ ಹೂವದು. ಹಾಗಾಗಿ ಅದರ ತಾರೀಕು ನೋಡಿದರೆ ಆ ವರ್ಷ ಮಳೆ ಬಿದ್ದದ್ದು ಬೇಗವೋ ತಡವೋ ತಿಳಿದುಹೋಗುತ್ತದೆ. ಫೋಟೋ ಸಂಗ್ರಹ ತೋಟದ ಮಳೆ ಲೆಕ್ಕಕ್ಕೂ ಒದಗುವ ಸೊಗಸು ಇದು.

ಇಷ್ಟು ಮಾಡಿದ್ದನ್ನು ಕಾಯಲು ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ನೆಗೆಟಿವಿಗೂ ಬೂಷ್ಟು ಹಿಡಿಸುವ ಈ ಥಂಡಿಯಲ್ಲಿ ಬೆಂಗಳೂರಿನ ಮಗಳ ಮನೆಗೊಂದು ಡಿಸ್ಕು ಹೋಗುವುದೇ ಲೇಸು.

ಮುಖಗಳ ವಿಷಯದಲ್ಲಿ ತಂತ್ರಾಂಶ ಒಂದು ಹಂತಕ್ಕೆ ನಿಲ್ಲುತ್ತದೆ. ಒಂದೇ ಮುಖವನ್ನು ನೂರು ಚಿತ್ರಗಳಲ್ಲಿ ಹುಡುಕಿಕೊಡುತ್ತದೆ, ಆ ಮುಖ ಯಾರದೆಂದು ಹೇಳುವುದಿಲ್ಲ. ಕೊಯ್ಲಿನ ಸಾಲಿನಲ್ಲಿ ನಗುತ್ತಿರುವ ಆಳುಗಳ ಹೆಸರು, ಮದುವೆ ಚಪ್ಪರದಲ್ಲಿ ಹಿಂದೆ ನಿಂತವರ ಸಂಬಂಧ ಹಿರಿಯರಿಗೇ ಗೊತ್ತು. ಅದಕ್ಕೇ ಬಲ್ಲವರು ಲ್ಯಾಪ್‌ಟಾಪನ್ನು ಜಗಲಿಗೆ ಒಯ್ದು ಅಜ್ಜಿಯ ಪಕ್ಕ ಕೂರುತ್ತಾರೆ. “ಇದು ನಮ್ಮ ಜೀಪಲ್ಲ ಮಾರಾಯ್ತಿ, ಕೊಪ್ಪದ ಭಾವಂದು” ಎಂದು ಅಜ್ಜಿ ಅಂದರೆ ಮುಗಿಯಿತು. ಭಾವ ಈ ಮನೆಗೆ ಬಂದದ್ದು ಅತ್ತೆಯ ಮದುವೆ ಆದಮೇಲೆ. 1990ರ ಫೋಲ್ಡರಿನಲ್ಲಿದ್ದ ಜೀಪು, ಕಣ, ಕಣದಲ್ಲಿ ಕಾಫಿ ಹರವುತ್ತಿರುವ ಅಜ್ಜ, ಎಲ್ಲರೂ ಒಟ್ಟಿಗೆ 1992ಕ್ಕೆ ಹೊರಡಬೇಕು.