ಉಕ್ಕಡಗಾತ್ರಿಯ ಮೂರು ಪ್ರಶ್ನೆ

ಬಿ.ಎ. ಕೊನೆಯ ವರ್ಷ ಮುಗಿಯುತ್ತ ಬಂದಿತೆಂದರೆ ನಮ್ಮಂಥ ಉಪಾಧ್ಯಾಯರಿಗೆ ಒಂದು ಬಗೆಯ ಸುಗ್ಗಿ. ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಹಳಗನ್ನಡವನ್ನು ನಿದ್ದೆಯ ಔಷಧವಾಗಿ ಸೇವಿಸಿದವರೂ ಆಗ ವಿಭಾಗದ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಎಂ.ಎ.ಗೆ ಅರ್ಜಿ ಹಾಕಬೇಕು, ಒಂದು ಶಿಫಾರಸು ಪತ್ರ ಬೇಕು. ಅದಕ್ಕೆಂದೇ ನನ್ನ ಬಳಿ ಸಿದ್ಧ ಪತ್ರವೊಂದಿತ್ತು. ಸುಶೀಲ, ಪರಿಶ್ರಮಿ, ಉಜ್ವಲ ಭವಿಷ್ಯವುಳ್ಳವನು, ಹುಡುಗಿಯಾದರೆ ಉಳ್ಳವಳು. ಹೆಸರು ಬದಲಾಯಿಸಿ ರುಜು ಹಾಕಿದರೆ ನನ್ನ ಪುಣ್ಯಕಾರ್ಯ ಮುಗಿಯಿತು.

ಹೋದ ವರ್ಷ ಉಕ್ಕಡಗಾತ್ರಿಯ ಹುಡುಗಿಯೊಬ್ಬಳು ಬಂದಳು. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ, ಭಾಷಾವಿಜ್ಞಾನ ಓದಲು ಅರ್ಜಿ. ಪತ್ರವನ್ನು ಕೊಟ್ಟೆ. ಅವಳು ಅಲ್ಲಿಯೇ ನಿಂತು ಎರಡು ಸಲ ಓದಿದಳು.

"ಸಾರ್, ಇದ್ರಾಗೆ ನಾನೇ ಇಲ್ವಲ್ರೀ" ಎಂದಳು.

ಇಪ್ಪತ್ತು ವರ್ಷದ ನನ್ನ ಪಾಂಡಿತ್ಯವನ್ನು ಯಾರೂ ಇಷ್ಟು ಚೊಕ್ಕವಾಗಿ ವಿಮರ್ಶಿಸಿರಲಿಲ್ಲ. ಸಿಟ್ಟು ಬಂದಿತು. "ಹಾಗಾದರೆ ನೀನು ಯಾರವ್ವಾ, ಹೇಳು" ಎಂದೆ. ಆಡಿದ ಮೇಲೆ ನಗು ಬಂದಿತು. ಉಕ್ಕಡಗಾತ್ರಿ ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಊರು. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ, ಅದರಲ್ಲೂ ಅಮಾವಾಸ್ಯೆಯಂದು, ಗಾಳಿ ಸೋಕಿದವರೆಂದು ಜನ ಎಷ್ಟೋ ಮಂದಿಯನ್ನು ಕರೆತರುತ್ತಾರೆ. ಮೈಮೇಲೆ ಬಂದ ಗಾಳಿಯನ್ನು ನಮ್ಮ ಕಡೆ ಕೇಳುವುದು ಮೂರೇ ಪ್ರಶ್ನೆ: ಯಾರು ನೀನು? ಎಲ್ಲಿಂದ ಬಂದೆ? ಯಾಕೆ ಬಂದೆ? ಯೋಚಿಸಿ ನೋಡಿದರೆ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಒಂದು ಪುಟ ಬರೆಯಿರಿ ಎನ್ನುವ ಕಡೆ ಕೇಳುವುದೂ ಇವನ್ನೇ. ನಮ್ಮ ಹುಡುಗರು ಅಲ್ಲಿ 'ಬಾಲ್ಯದಿಂದಲೂ ನನಗೆ ಜ್ಞಾನದಾಹ' ಎಂದು ಬರೆಯುತ್ತಾರೆ. ಅದು ನನ್ನ ಸಿದ್ಧ ಪತ್ರದ ಖಾಸಾ ತಮ್ಮ.

ಅವಳನ್ನು ಕೂರಿಸಿದೆ. ಅವಳ ತಂದೆಯದು ಗದ್ದುಗೆಯ ಹಾದಿಯಲ್ಲಿ ಕಾಯಿ ಕರ್ಪೂರದ ಅಂಗಡಿ. ನಾಲ್ಕು ಜಿಲ್ಲೆಯ ಜನ ಬರುವ ಜಾಗ. ಒಬ್ಬರು ಊದಿನಕಡ್ಡಿ ಕೊಡಿ ಎಂದರೆ ಇನ್ನೊಬ್ಬರು ಊದುಬತ್ತಿ ಎನ್ನುತ್ತಾರೆ, ಮತ್ತೊಬ್ಬರು ಗಂಧದಕಡ್ಡಿ ಎನ್ನುತ್ತಾರೆ. ಒಬ್ಬರಿಗೆ ಬೆಂಕಿಪೊಟ್ಟಣ, ಇನ್ನೊಬ್ಬರಿಗೆ ಕಡ್ಡಿಪೆಟ್ಟಿಗೆ. ಎಂಟನೆಯ ತರಗತಿಯಿಂದ ಅವಳು ಅಂಗಡಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇವನ್ನೆಲ್ಲ ಬರೆದಿಟ್ಟಿದ್ದಾಳೆ, ಕೇಳಿದವರ ಊರಿನ ಹೆಸರು ಸಮೇತ. ಮೂರು ವರ್ಷ ನನ್ನ ಮುಂದೆ ಕುಳಿತ ಹುಡುಗಿ! ನನಗೆ ಅವಳ ಹಾಜರಿ ಸಂಖ್ಯೆ ಗೊತ್ತಿತ್ತು.

ಕುವೆಂಪು ಬಿ.ಎ. ಮುಗಿಸಿದಾಗ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡುವ ಮನಸ್ಸಿನಲ್ಲಿದ್ದರು. ಮೈಸೂರಿನಲ್ಲಿ ಕನ್ನಡ ಎಂ.ಎ. ಆರಂಭವಾದದ್ದೇ 1927ರಲ್ಲಿ. ಅವರನ್ನು ಅತ್ತ ತಿರುಗಿಸಿದವರು ನಮ್ಮ ಚಿತ್ರದುರ್ಗ ಸೀಮೆಯ ತಳುಕಿನ ವೆಂಕಣ್ಣಯ್ಯನವರು. ಶಿಷ್ಯನೊಳಗೆ ಏನಿದೆಯೆಂದು ಆ ಗುರುವಿಗೆ ತಿಳಿದಿತ್ತು. ಆದ್ದರಿಂದ ಮಕ್ಕಳೇ, ಪತ್ರ ಕೇಳುವಾಗ ದೊಡ್ಡ ಹುದ್ದೆಯವರನ್ನು ಹುಡುಕಬೇಡಿ. ನಿಮ್ಮನ್ನು ಬಲ್ಲವರನ್ನು ಹುಡುಕಿ. ಅಂಥವರು ಇಲ್ಲದಿದ್ದರೆ ಹೋಗಿ ಕುಳಿತು ಹೇಳಿಕೊಳ್ಳಿ. ಉಪಾಧ್ಯಾಯರು ಅಂತರ್ಯಾಮಿಗಳಲ್ಲ.

ಕಾಲದ ವಿಷಯವೂ ಒಂದಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿ.ಯು.ಇ.ಟಿ. ಪರೀಕ್ಷೆ ಬಂದಿದೆ, ಅದರ ಅರ್ಜಿ ಚಳಿಗಾಲದಲ್ಲೇ ಆಗಿಹೋಗುತ್ತದೆ. ನಮ್ಮವರು ಎಚ್ಚರಗೊಳ್ಳುವುದು ಬಿ.ಎ. ಫಲಿತಾಂಶ ಬಂದ ಮೇಲೆ. ಇನ್ನು ಕೊನೆಯ ದಿನ ಮಳೆಗಾಲಕ್ಕೆ ಬಿದ್ದರಂತೂ, ಹೊಳೆ ಏರಿದರೆ ಉಕ್ಕಡಗಾತ್ರಿಯಿಂದ ಫತ್ತೇಪುರದ ರಸ್ತೆಯೇ ಮುಳುಗುತ್ತದೆ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಬಿಸಿಲಿರುವಾಗಲೇ ಮಾಡಿಸಿಡುವುದು ಕ್ಷೇಮ. ಹತ್ತಿರದ್ದು ಕೀಳೆಂದೂ ತಿಳಿಯಬೇಡಿ. ನಾನು ಓದಿದ್ದು ಶಂಕರಘಟ್ಟದಲ್ಲಿ. ದಾವಣಗೆರೆಗೇ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಮನೆಯಲ್ಲಿ ಉಂಡು ಓದುವ ಭಾಗ್ಯ ಸಣ್ಣದಲ್ಲ.

ಹೊಸ ಪತ್ರಕ್ಕೆ ನನಗೆ ಮೂರು ಸಂಜೆ ಹಿಡಿಯಿತು. ಲೆಕ್ಕದ ಪುಸ್ತಕದ ಕಥೆಯನ್ನು ಬರೆದೆ. 'ಸುಶೀಲ' ಎಂಬ ಪದವನ್ನು ಬಳಸಲಿಲ್ಲ. ಸೀಟು ಸಿಕ್ಕಿತು. ಶುಲ್ಕದಲ್ಲಿ ಅರ್ಧಕ್ಕೆ ವಿದ್ಯಾರ್ಥಿವೇತನ. ಉಳಿದರ್ಧ?

ಆ ಅಮಾವಾಸ್ಯೆ ನಾನು ಹರಿಹರದಿಂದ ಬಸ್ಸು ಹಿಡಿದು ಹೋದೆ. ಜನವೋ ಜನ. ತಂದೆ ಕಾಯಿಯ ದುಡ್ಡು ತೆಗೆದುಕೊಳ್ಳಲಿಲ್ಲ. "ಇದನ್ನೋದಿ ಮುಂದೇನಾಗ್ತಾಳ್ರೀ ನಮ್ಮ ಹುಡುಗಿ?" ಎಂದು ಕೇಳಿದರು. ವಿನಯದಿಂದಲೇ ಕೇಳಿದರು. ಕೆಲಸ ಸಿಕ್ಕೇ ಸಿಗುತ್ತದೆ ಎನ್ನಲು ನಾಲಗೆ ಬರಲಿಲ್ಲ. ಗೊತ್ತಿಲ್ಲ ಎಂದೆ, ಬ್ಯಾಂಕಿನ ಸಾಲದ ಬಗೆ ತಿಳಿದಷ್ಟು ಹೇಳಿದೆ, ಹಾಸ್ಟೆಲಿನ ಖರ್ಚು ಕೂಡಿಸಿ ತೋರಿಸಿದೆ. ಅವರು ಚೀಟಿಯನ್ನು ಮಡಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟು, "ನೋಡೋಣ್ರೀ, ಒಂದೆರಡು ದಿನ ತಡೀರಿ" ಎಂದರು.

ಅವಳು ಒಳಗೆ ಗಿರಾಕಿಗೆ ಕರ್ಪೂರ ಕಟ್ಟಿಕೊಡುತ್ತ, "ನಿಮ್ದು ಯಾವೂರ್ರೀ ಅಜ್ಜಾ?" ಎನ್ನುತ್ತಿದ್ದಳು.